ಮಹಾಮಾರಿಗೆ ಮೈಯೊಡ್ಡಿದ ಮಹನೀಯ: ವಾಲ್ಡೆಮಾರ್ ಹಾಫ್‌ಕಿನ್

ಇಲಿ ಬಿದ್ದಿತೆಂಬ ಎರಡೇ ಮಾತು ಒಂದು ಕಾಲದಲ್ಲಿ ನಮ್ಮ ಊರುಗಳನ್ನು ಬರಿದು ಮಾಡಲು ಸಾಕಾಗಿದ್ದಿತು. ಅಟ್ಟದಿಂದಲೋ ಸೂರಿನಿಂದಲೋ ಸತ್ತ ಇಲಿಯೊಂದು ನೆಲಕ್ಕೆ ಬಿದ್ದರೆ, ಸಂಸಾರಸ್ಥರು ಅಕ್ಕಿಮೂಟೆ, ಪಾತ್ರೆಪಡಗ, ದೇವರ ಪೆಟ್ಟಿಗೆಗಳನ್ನು ಗಾಡಿಗೇರಿಸಿಕೊಂಡು ಊರ ಹೊರಗಣ ಹೊಲತೋಪುಗಳಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ದಿನ ಕಳೆಯುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳೆಂಬ ವಿಶಾಲವಾದ ಬಡಾವಣೆಗಳು 1898ರಲ್ಲಿ ಆ ನಗರವನ್ನು ಹೊಕ್ಕ ಪ್ಲೇಗಿನ ಹೊಡೆತದಿಂದಲೇ ತ್ವರೆಯಾಗಿ ಬೆಳೆದುವೆಂಬುದೂ, ಪ್ಲೇಗು ಮಾರಮ್ಮನ ಗುಡಿಗಳಲ್ಲಿ ಇಂದಿಗೂ ದೀಪ ಹಚ್ಚುವವರಿರುವರೆಂಬುದೂ ವಾಚಕರು ಬಲ್ಲ ಸಂಗತಿಗಳೇ. ಮಾರಿಯ ಹೆಸರು ಉಳಿಯಿತು. ಆ ಮಾರಿಗೆ ಇದಿರಾಗಿ ಮದ್ದನ್ನು ಕಂಡುಹಿಡಿದು, ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡವನ ಹೆಸರು ಮಾತ್ರ ಮುಂಬಯಿಯ ಒಂದು ಸಂಸ್ಥೆಯ ಹಲಗೆಯ ಮೇಲಲ್ಲದೆ ಬೇರೆಡೆ ಅಷ್ಟಾಗಿ ಕೇಳಿಬರದು. ಆ ಮಹನೀಯರೇ ವಾಲ್ಡೆಮಾರ್ ಹಾಫ್‌ಕಿನ್ನರು. ಅವರ ಜೀವಿತವನ್ನು ಇಂದು ನಾವು ವಾಚಕರ ಮುಂದಿಡಲು ಕಾರಣ, ಕೇವಲ ಸ್ಮರಣೆಯಲ್ಲ. ಸಾಂಕ್ರಾಮಿಕ ರೋಗವನ್ನು ತಡೆಯುವುದು ಬಲಾತ್ಕಾರದಿಂದಲೋ ಜನರ ನಂಬುಗೆಯಿಂದಲೋ ಎಂಬ ಪ್ರಶ್ನೆಗೆ ಅವರ ಬಾಳೇ ಒಂದು ಉತ್ತರವಾಗಿರುವುದು.

ಹಾಫ್‌ಕಿನ್ನರು 1860ನೆಯ ಇಸವಿ ಮಾರ್ಚ್ 15ರಂದು ಒಡೆಸ್ಸಾ ಪಟ್ಟಣದಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದರು. ಈಗ ಯುಕ್ರೇನ್ ದೇಶದಲ್ಲಿರುವ ಆ ರೇವುಪಟ್ಟಣವು ಆಗ ರಷ್ಯಾ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದಿತು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಮೆಚ್ನಿಕಾಫ್ ಎಂಬ ಪ್ರಖ್ಯಾತ ಜೀವಶಾಸ್ತ್ರಜ್ಞರು. ರಕ್ತದೊಳಗಣ ಬಿಳಿಯ ಕಣಗಳು ಹೊರಗಿನಿಂದ ಬಂದ ರೋಗಾಣುಗಳನ್ನು ನುಂಗಿ ಹಾಕುವುವೆಂಬುದನ್ನು ಕಂಡು ಹೇಳಿದವರು ಇವರೇ. ಅರಸೊತ್ತಿಗೆಯ ದಬ್ಬಾಳಿಕೆಗೆ ಇದಿರಾಗಿ ನಿಂತ ವಿದ್ಯಾರ್ಥಿಗಳ ಗುಂಪಿನಲ್ಲಿ ಹಾಫ್‌ಕಿನ್ನರೂ ಇದ್ದರು. ಪೋಲೀಸಿನವರ ಕೈಗೆ ಸಿಕ್ಕಿ ಸೆರೆಯನ್ನೂ ಕಂಡರು. ಯೆಹೂದ್ಯರ ಮೇಲೆ ದೊಂಬಿ ಎದ್ದಾಗ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು. ಓದು ಮುಗಿದ ಮೇಲೆ ಅಧ್ಯಾಪಕ ಪದವಿ ಬೇಕಾದರೆ ಮತವನ್ನು ಬಿಟ್ಟು ಕ್ರಿಸ್ತರಾಗಬೇಕೆಂಬ ಷರತ್ತು ಇದಿರಾಯಿತು. ಅವರು ಪದವಿಯನ್ನೇ ಬಿಟ್ಟರು, ಮತವನ್ನು ಬಿಡಲಿಲ್ಲ. ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯವೊಂದರಲ್ಲಿ ಕೆಲವು ವರ್ಷ ಕೆಲಸಮಾಡಿ, 1888ರಲ್ಲಿ ಸ್ವದೇಶವನ್ನು ತೊರೆದು ಜಿನೀವಾಕ್ಕೆ ತೆರಳಿದರು.

ಆ ಮುಂದಿನ ವರ್ಷ ಪ್ಯಾರಿಸ್ ನಗರದ ಪ್ಯಾಸ್ಟರ್ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ ಕೆಲಸ ಪುಸ್ತಕಭಂಡಾರದ ಕೆಲಸ. ಗುರು ಮೆಚ್ನಿಕಾಫರೂ ಆಗ ಅಲ್ಲಿಯೇ ಇದ್ದರು. ಹಗಲು ಪುಸ್ತಕಗಳನ್ನು ನೋಡಿಕೊಳ್ಳುತ್ತ, ಮಿಕ್ಕ ಹೊತ್ತಿನಲ್ಲಿ ಪ್ರಯೋಗಶಾಲೆಯ ಮೇಜಿನ ಮುಂದೆ ಕುಳಿತು, ಆ ಯುವಕರು ಕಾಲರಾ ಎಂಬ ವಾಂತಿಭೇದಿಯ ರೋಗಾಣುವನ್ನು ಹಿಡಿದು ಕೆಲಸಮಾಡಿದರು. ಆ ರೋಗಾಣುವನ್ನು ಜರ್ಮನಿಯ ಕಾಖ್ ಪಂಡಿತರು 1883-84ರಲ್ಲಿ ಈಜಿಪ್ಟಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಗುರುತಿಸಿದ್ದರು. ಒಂದು ಬಗೆಯಲ್ಲಿ ಅದರ ಉಗ್ರತೆಯನ್ನು ಕುಗ್ಗಿಸಿ, ಇನ್ನೊಂದು ಬಗೆಯಲ್ಲಿ ಅದನ್ನೇ ಹೆಚ್ಚಿಸಿ, ಮೊದಲು ದುರ್ಬಲವಾದುದನ್ನೂ ಕೆಲವು ದಿನಗಳ ಮೇಲೆ ಪ್ರಬಲವಾದುದನ್ನೂ ಮೈಗೆ ಚುಚ್ಚಿದರೆ ದೇಹವು ರೋಗವನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆಯುವುದೆಂಬುದು ಅವರು ಕಂಡುಕೊಂಡ ಮಾರ್ಗ. ಪ್ರಾಣಿಗಳ ಮೇಲೆ ಇದು ಸಿದ್ಧಿಸಿತು. ಮನುಷ್ಯನ ಮೇಲೆ ನೋಡಬೇಕಾದಾಗ ಅವರು ಬೇರೊಬ್ಬರನ್ನು ಹುಡುಕಲಿಲ್ಲ. 1892ನೆಯ ಜುಲೈ 18ರಂದು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂದಿತು, ಹೋಯಿತು, ಮನುಷ್ಯನು ಉಳಿದನು. ಆ ಬಳಿಕವೇ ಸ್ನೇಹಿತರು ಮುಂದೆ ಬಂದರು.

ರಷ್ಯಾದ ಸರ್ಕಾರವು ಈ ಮದ್ದನ್ನು ಬಯಸಲಿಲ್ಲ. ಹಿಂದೆ ನಮ್ಮ ದೇಶದಲ್ಲಿ ವೈಸರಾಯರಾಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಡಫರಿನ್ ಪ್ರಭುಗಳ ಸಹಾಯದಿಂದ ಹಾಫ್‌ಕಿನ್ನರಿಗೆ ಇಂಡಿಯಾದ ಬಾಗಿಲು ತೆರೆಯಿತು. 1893ರ ಮಾರ್ಚ್ ತಿಂಗಳಲ್ಲಿ ಅವರು ಕಲ್ಕತ್ತೆಯಲ್ಲಿ ಇಳಿದರು. ಅವರು ವೈದ್ಯಪದವೀಧರರಲ್ಲ, ಆಂಗ್ಲರಲ್ಲ, ಅಧಿಕಾರಿಗಳೂ ಅಲ್ಲ. ಸರ್ಕಾರಿ ವೈದ್ಯವರ್ಗದಲ್ಲಿ ಅನೇಕರು ಅವರನ್ನು ಸಂಶಯದಿಂದ ಕಂಡರು. ಜನರೂ ಸಂಶಯದಿಂದಲೇ ಕಂಡರು. ಅಧಿಕಾರದ ಬಲವಿಲ್ಲದಿದ್ದವರಿಗೆ ಒಪ್ಪಿಸುವುದೊಂದೇ ದಾರಿ. ಅವರು ದೇಶೀಯ ವೈದ್ಯರನ್ನು ಜತೆಗೆ ಕಟ್ಟಿಕೊಂಡು ಬಸ್ತಿಗಳಿಗೆ ಹೋದರು. ಜನರ ಕಣ್ಣೆದುರಿಗೆ ತಾವೂ ಸೂಜಿ ಹಾಕಿಸಿಕೊಂಡು, ಸಂಗಡಿಗರಿಗೂ ಹಾಕಿಸಿ, ಬಳಿಕ ಮನಸ್ಸಿದ್ದವರಿಗೆ ಮಾತ್ರ ಹಾಕಿದರು.

1894ರಲ್ಲಿ ಕಲ್ಕತ್ತೆಯ ಕಾಟಾಲ್ ಬಗಾನ್ ಎಂಬ ಬಸ್ತಿಯಲ್ಲಿ ಕಾಲರಾ ತಲೆದೋರಿತು. ಅಲ್ಲಿಯ ಸುಮಾರು 200 ನಿವಾಸಿಗಳಲ್ಲಿ 116 ಮಂದಿ ಮದ್ದು ಚುಚ್ಚಿಸಿಕೊಂಡರು. ಆ ಮೇಲೆ ಅಲ್ಲಿ ಹತ್ತು ಮಂದಿಗೆ ರೋಗ ತಗುಲಿ ಏಳು ಮಂದಿ ಸತ್ತರು. ಆ ಹತ್ತು ಮಂದಿಯೂ ಮದ್ದು ಹಾಕಿಸಿಕೊಳ್ಳದೆ ಉಳಿದವರು. ಒಂದೇ ಕೆರೆಯ ನೀರು ಕುಡಿದು, ಒಂದೇ ಓಣಿಯಲ್ಲಿ ಬಾಳಿದ ಜನರಲ್ಲಿ ಈ ಭೇದವು ಕಂಡುಬಂದಿತೆಂಬುದನ್ನು ಗಮನಿಸಬೇಕು. ಮದ್ದನ್ನು ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನೋಡುವ ಈ ಲೆಕ್ಕಾಚಾರವೇ ಹಾಫ್‌ಕಿನ್ನರು ನಮ್ಮ ದೇಶದಲ್ಲಿ ಬಿಟ್ಟುಹೋದ ದೊಡ್ಡ ಪಾಠವೆಂದು ನಮ್ಮ ಎಣಿಕೆ. ವೈದ್ಯನ ಕೀರ್ತಿಯಾಗಲಿ ಸರ್ಕಾರದ ಮೊಹರಾಗಲಿ ಮದ್ದಿಗೆ ಸಾಕ್ಷಿಯಲ್ಲ; ಎಣಿಕೆಯೇ ಸಾಕ್ಷಿ.

ಇಂತಿರಲು 1896ನೆಯ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿಯ ಮಾಂಡವಿ ಪ್ರಾಂತದಲ್ಲಿ ವಿಯೇಗಸ್ ಎಂಬ ವೈದ್ಯರು ಗೆಡ್ಡೆಜ್ವರವನ್ನು ಕಂಡು, ಇದು ಪ್ಲೇಗೆಂದು ಸಾರಿದರು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಮಂದಿ ಆ ನಗರವನ್ನು ಬಿಟ್ಟರು. ಸರ್ಕಾರದ ಕರೆಯಂತೆ ಹಾಫ್‌ಕಿನ್ನರು ಅಕ್ಟೋಬರಿನಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವರಿಗೆ ಒದಗಿದ ಬಲ. ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದೆಯಷ್ಟೇ ಹಾಂಗ್‌ಕಾಂಗಿನಲ್ಲಿ ಎರ್ಸೀನ್ ಎಂಬವರು ಕಂಡುಹಿಡಿದಿದ್ದರು. ಹಾಫ್‌ಕಿನ್ನರು ಅದನ್ನು ಮಾಂಸರಸದಲ್ಲಿ ಬೆಳೆಸಿದರು. ಹಿಂದೂಗಳಿಗೂ ಮುಸಲ್ಮಾನರಿಗೂ ಅಸಹ್ಯವಾಗದಂತೆ ಆ ರಸಕ್ಕೆ ಆಡಿನ ಮಾಂಸವನ್ನೇ ಆರಿಸಿಕೊಂಡರು. ರಸದ ಮೇಲೆ ನಮ್ಮ ಅಡಿಗೆಮನೆಯ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು ಗುಹೆಯ ಸೂರಿನ ಸುಣ್ಣದ ಜಡೆಗಳಂತೆ ಕೆಳಕ್ಕೆ ಇಳಿಬಿದ್ದು ಹುಲುಸಾಗಿ ಬೆಳೆಯುತ್ತಿದ್ದುವು. ಹೀಗೆ ಬೆಳೆದುದನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಮದ್ದನ್ನು ಸಿದ್ಧಗೊಳಿಸಿದರು. ಮೂರು ತಿಂಗಳು ಅವಿಶ್ರಾಂತವಾಗಿ ದುಡಿದುದರಿಂದ ಜತೆಯವರಲ್ಲಿ ಕೆಲವರು ಬಸವಳಿದರು. 1897ನೆಯ ಜನವರಿ 10ರಂದು ಹಾಫ್‌ಕಿನ್ನರು ಈ ಮದ್ದನ್ನೂ, ಮುಂದೆ ಇತರರಿಗೆ ಕೊಡಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ತಮಗೇ ಚುಚ್ಚಿಸಿಕೊಂಡರು. ತೀವ್ರವಾದ ಜ್ವರವೂ ನೋವೂ ಬಂದರೂ ಕೆಲಸ ಬಿಡಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಕಾರಾಗೃಹದಲ್ಲಿ ಪ್ಲೇಗು ತಲೆದೋರಲು, ಒಪ್ಪಿ ಮುಂದೆ ಬಂದ ಸೆರೆಯಾಳುಗಳಿಗೆ ಮದ್ದು ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ರೋಗವು ಇತರರಿಗಿಂತ ಬಹು ಕಡಮೆಯಾಯಿತು.

ಇದೇ ಕಾಲದಲ್ಲಿ ಸರ್ಕಾರವು ಹಿಡಿದ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 1897ನೆಯ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವು ಬಂದಿತು. ಅದರ ಬಲದಿಂದ ಮನೆಗಳನ್ನು ಶೋಧಿಸುವುದು, ರೋಗಿಗಳನ್ನೂ ಅವರ ಮನೆಯವರನ್ನೂ ಎಳೆದೊಯ್ದು ಶಿಬಿರಗಳಲ್ಲಿಡುವುದು, ಸಾಮಾನುಗಳನ್ನು ಸುಡುವುದು, ರೈಲು ನಿಲ್ದಾಣಗಳಲ್ಲಿ ಹೆಂಗಸರು ಗಂಡಸರೆನ್ನದೆ ಮೈ ನೋಡುವುದು ನಡೆದುವು. ಪುಣೆಯಲ್ಲಿ ಗೋರಾ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ಅಡಿಗೆಮನೆ, ದೇವರಮನೆಗಳ ಮರ್ಯಾದೆ ಉಳಿಯಲಿಲ್ಲ. ಜನರ ಕ್ರೋಧವು ಮಿತಿಮೀರಿ, ಪ್ಲೇಗಿನ ಅಧಿಕಾರಿ ರ್‍ಯಾಂಡ್ ಸಾಹೇಬರ ಮೇಲೆ ಜೂನ್ 22ರ ರಾತ್ರಿ ಗುಂಡು ಹಾರಿತು. ಅವರು ಆ ಗಾಯದಿಂದ ಸತ್ತರು. ಲೋಕಮಾನ್ಯ ತಿಲಕರು ತಮ್ಮ ಪತ್ರಿಕೆಯ ಲೇಖನಗಳಿಗಾಗಿ ರಾಜದ್ರೋಹದ ಆಪಾದನೆಗೆ ಗುರಿಯಾಗಿ ಸೆರೆಮನೆಗೆ ಹೋದರು. ಇಷ್ಟೆಲ್ಲ ಬಲಾತ್ಕಾರದಿಂದ ಪ್ಲೇಗು ನಿಂತಿತೇ? ನಿಲ್ಲಲಿಲ್ಲ. ಜನರು ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಬಚ್ಚಿಟ್ಟರು. ಬಚ್ಚಿಟ್ಟಲ್ಲೆಲ್ಲ ರೋಗವೇ ಹರಡಿತು. ಇಲಿಯ ಮೈಮೇಲಣ ಚಿಗಟವೇ ರೋಗವನ್ನು ಹೊರುವುದೆಂಬುದನ್ನು ಸೀಮೋನ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ತೋರಿಸಿದರಾದರೂ, ಆ ಮಾತನ್ನು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದುವು. ಮನುಷ್ಯರನ್ನು ಎಳೆದಾಡುತ್ತಿದ್ದ ಅಧಿಕಾರಿಗಳು ಇಲಿಯನ್ನೂ ಚಿಗಟವನ್ನೂ ಮರೆತಿದ್ದರು.

ಹಾಫ್‌ಕಿನ್ನರ ಮದ್ದು ಬೇರೆ ಬಗೆಯಲ್ಲಿ ಹಬ್ಬಿತು. ಆಗಾಖಾನರು ತಮ್ಮ ಭವನವೊಂದನ್ನು ಪ್ರಯೋಗಶಾಲೆಗೆ ಬಿಟ್ಟುಕೊಟ್ಟು, ತಮ್ಮ ಅನುಯಾಯಿಗಳ ಮುಂದೆ ತಾವೇ ಸೂಜಿ ಹಾಕಿಸಿಕೊಂಡರು. ಸಾವಿರಾರು ಮಂದಿ ಅವರನ್ನು ಅನುಸರಿಸಿದರು. ಪೋರ್ಚುಗೀಸರ ಆಳಿಕೆಯಲ್ಲಿದ್ದ ದಮನ್ ಪಟ್ಟಣದಲ್ಲಿ 1897ರಲ್ಲಿ 8,230 ಜನರಿದ್ದರು. ಮದ್ದು ಹಾಕಿಸಿಕೊಂಡ 2,197 ಮಂದಿಯಲ್ಲಿ 36 ಮಂದಿಯೂ, ಹಾಕಿಸಿಕೊಳ್ಳದ 6,033 ಮಂದಿಯಲ್ಲಿ 1,482 ಮಂದಿಯೂ ಸತ್ತರು. ಮರುವರ್ಷ ಬರೋಡಾ ಸಂಸ್ಥಾನದ ಉಂಢೇರಾ ಎಂಬ ಹಳ್ಳಿಯಲ್ಲಿ ಪ್ರತಿಯೊಂದು ಮನೆಯ ಅರ್ಧದಷ್ಟು ಜನರಿಗೆ ಮದ್ದು ಹಾಕಿ ನೋಡಲಾಯಿತು. ರೋಗ ಹೊಕ್ಕ ಮನೆಗಳಲ್ಲಿ ಮದ್ದು ಹಾಕಿಸಿಕೊಂಡ 71 ಮಂದಿಯಲ್ಲಿ ಮೂವರೂ, ಹಾಕಿಸಿಕೊಳ್ಳದ 64 ಮಂದಿಯಲ್ಲಿ 26 ಮಂದಿಯೂ ಗತಿಸಿದರು. ಒಂದೇ ಸೂರಿನ ಕೆಳಗೆ ಅಣ್ಣನಿಗೆ ಮದ್ದು, ತಮ್ಮನಿಗಿಲ್ಲ ಎಂಬ ಈ ಪರೀಕ್ಷೆಯು ಇಂದಿನ ಓದುಗರ ಮನಸ್ಸನ್ನು ಕಲಕದಿರದು. ನಮ್ಮ ಮನಸ್ಸನ್ನೂ ಕಲಕಿರುವುದು. ಆದರೆ ಮದ್ದಿನ ಗುಣವೇ ವಿವಾದದಲ್ಲಿದ್ದ ಆ ದಿನಗಳಲ್ಲಿ, ಸಂಶಯವನ್ನು ತೊಡೆದುಹಾಕಿದುದು ಆ ಹಳ್ಳಿಗರ ಪ್ರಾಣಗಳ ಲೆಕ್ಕವೇ. ಆ ಋಣವನ್ನು ಮರೆಯಬಾರದು.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಉಲ್ಬಣಿಸಿದಾಗ ಹತ್ತಾರು ಸಾವಿರ ಜನರು ಹಾಫ್‌ಕಿನ್ನರ ಮದ್ದನ್ನು ಹಾಕಿಸಿಕೊಂಡರು. ಆ ಪಟ್ಟಣದ ಅಂಕಿಗಳು ದೇಶದಲ್ಲೆಲ್ಲ ಚರ್ಚೆಗೆ ಬಂದುವು. ಅದೇ ವರ್ಷ ಬೆಂಗಳೂರಿನ ಪ್ಲೇಗಿನಲ್ಲಿ ರೋಗಿಗಳ ನಡುವೆ ದುಡಿದವರಲ್ಲಿ ಡಾಕ್ಟರ್ ಪಲ್ಪು ಅವರೊಬ್ಬರು. ಈಳವ ಕುಲದಲ್ಲಿ ಹುಟ್ಟಿದ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರ್ಕಾರಿ ಉದ್ಯೋಗ ಸಿಕ್ಕದೆ ಮೈಸೂರು ಸರ್ಕಾರದ ಸೇವೆಗೆ ಬಂದವರು ಅವರು. ಮತದ ಕಾರಣಕ್ಕೆ ಒಡೆಸ್ಸಾದ ಬಾಗಿಲು ಒಬ್ಬರಿಗೆ ಮುಚ್ಚಿತು, ಜಾತಿಯ ಕಾರಣಕ್ಕೆ ತಿರುವಾಂಕೂರಿನ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತು. ಇಬ್ಬರ ಸೇವೆಯೂ ಒಂದೇ ಮಾರಿಯ ಮುಂದೆ ಬಂದು ನಿಂತಿತು. ಹೊರಗಿಟ್ಟವರಿಗೆ ಆದ ನಷ್ಟವೆಷ್ಟೆಂಬುದನ್ನು ಅವರೇ ಎಣಿಸಿಕೊಳ್ಳಲಿ.

1899ನೆಯ ಆಗಸ್ಟಿನಲ್ಲಿ ಮುಂಬಯಿಯ ಪರೇಲಿನಲ್ಲಿರುವ ಹಳೆಯ ಗವರ್ನರರ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯವು ತೆರೆಯಿತು. ಹಾಫ್‌ಕಿನ್ನರೇ ಅದರ ಮುಖ್ಯಸ್ಥರಾದರು. ಮೂರು ವರ್ಷಗಳು ಕೀರ್ತಿಯಿಂದ ಕಳೆದುವು. ಆ ಬಳಿಕ ವಿಪತ್ತು ಬಂದೊದಗಿತು. 1902ನೆಯ ಅಕ್ಟೋಬರ್ 30ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದು ಹಾಕಲಾಯಿತು. ಇವರಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿಗೆ ಧನುರ್ವಾಯು ಹತ್ತಿ, ಹತ್ತೊಂಬತ್ತು ಮಂದಿಯೂ ಸತ್ತರು. ಬೇರೆ ಸೀಸೆಗಳಿಂದ ಪಡೆದ 88 ಮಂದಿಗೆ ಏನೂ ಆಗಲಿಲ್ಲ.

ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲಿಯೊಂದು ನೇಮಕವಾಯಿತು. ಮದ್ದಿಗೆ ಬೇಡಿಕೆ ಹೆಚ್ಚಿದ್ದುದರಿಂದ ಹಾಫ್‌ಕಿನ್ನರು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶಾಖದಿಂದಲೇ ಶುದ್ಧಿಗೊಳಿಸುವ ಹೊಸ ಕ್ರಮವನ್ನು ತಂದಿದ್ದರು. ಈ ಬದಲಾವಣೆಯನ್ನೇ ಹಿಡಿದು, ಸೀಸೆಯನ್ನು ತೆರೆಯುವುದಕ್ಕೆ ಮೊದಲೇ ವಿಷವು ಅದರಲ್ಲಿ ಸೇರಿದ್ದಿತೆಂದು ಮಂಡಲಿಯು ತೀರ್ಮಾನಿಸಿತು. ಹಾಫ್‌ಕಿನ್ನರನ್ನು ಪದವಿಯಿಂದ ತೆಗೆದಿರಿಸಿದರು. ಸಾವಿರಾರು ಜನರ ಪ್ರಾಣವನ್ನುಳಿಸಿದವರು ಹತ್ತೊಂಬತ್ತು ಮಂದಿಯ ಕೊಲೆಗಾರರೆಂಬ ಮಾತನ್ನು ಹೊತ್ತು ಲಂಡನ್ನಿಗೆ ತೆರಳಿದರು. ಆದರೆ ಕಾಗದಗಳು ಬೇರೆಯೇ ಕಥೆಯನ್ನು ಹೇಳುತ್ತಿದ್ದುವು. ಆ ಸೀಸೆಯನ್ನು ಹಳ್ಳಿಯಲ್ಲಿ ತೆರೆಯುವಾಗ ಸಹಾಯಕನೊಬ್ಬನು ಇಕ್ಕಳವನ್ನು ನೆಲಕ್ಕೆ ಬೀಳಿಸಿ, ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಿದ್ದನು. ಧನುರ್ವಾಯುವಿನ ಬೀಜವಿರುವುದು ಮಣ್ಣಿನಲ್ಲಿಯೇ. ಪ್ರಯೋಗಶಾಲೆಯಲ್ಲಿಯೇ ಅದು ಸೇರಿ ವಾರಗಟ್ಟಲೆ ಸೀಸೆಯಲ್ಲಿ ಬೆಳೆದಿದ್ದರೆ ದುರ್ವಾಸನೆ ಬರಬೇಕಾಗಿದ್ದಿತು. ತೆರೆದವರಿಗೆ ಅಂತಹ ವಾಸನೆ ಬಂದಿರಲಿಲ್ಲ.

ಈ ಅನ್ಯಾಯವನ್ನು ಎತ್ತಿ ಹಿಡಿದವರಲ್ಲಿ ಮುಖ್ಯರು ರೊನಾಲ್ಡ್ ರಾಸ್ ಸಾಹೇಬರು. ಸೊಳ್ಳೆಯಲ್ಲಿ ಮಲೇರಿಯಾ ರೋಗಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದವರು ಇವರೇ. 1895ರಲ್ಲಿ ಕಾಲರಾ ನಿವಾರಣೆಗಾಗಿ ಬೆಂಗಳೂರಿಗೂ ಬಂದು ಕೆಲಸಮಾಡಿದ್ದವರು. ರಾಸ್ ಸಾಹೇಬರೂ ಇತರ ವಿದ್ವಾಂಸರೂ ಸೇರಿ 1907ನೆಯ ಜುಲೈ ತಿಂಗಳಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ, ಆಪಾದನೆಯು ರುಜುವಾತಾಗಿಲ್ಲವೆಂದು ಬಹಿರಂಗವಾಗಿ ಬರೆದರು. ಅದೇ ವರ್ಷದ ಕೊನೆಯಲ್ಲಿ ಸರ್ಕಾರವು ಹಾಫ್‌ಕಿನ್ನರನ್ನು ದೋಷಮುಕ್ತರೆಂದು ಒಪ್ಪಿ ಮತ್ತೆ ಉದ್ಯೋಗಕ್ಕೆ ಕರೆಯಿತು. ಆದರೆ ಪರೇಲಿನ ಸ್ಥಾನವು ಅವರಿಗೆ ಬರಲಿಲ್ಲ. ಕಲ್ಕತ್ತೆಯಲ್ಲಿ ಕೆಲಸ ಕೊಟ್ಟರಾದರೂ, ಮನುಷ್ಯರ ಮೇಲೆ ಹೊಸ ಮದ್ದನ್ನು ಪರೀಕ್ಷಿಸುವ ಅಧಿಕಾರವನ್ನು ಕೊಡಲಿಲ್ಲ. ಕೈಕಟ್ಟಿ ಕೂರಿಸಿದ ಗೌರವ ಅದು. 1914ರಲ್ಲಿ ಅವರು ನಿವೃತ್ತರಾಗಿ ಯೂರೋಪಿಗೆ ಮರಳಿದರು. ಮದುವೆಯಾಗಿರಲಿಲ್ಲ. ಕೊನೆಯ ಕಾಲವನ್ನು ಸ್ವಮತದ ವಿದ್ಯಾಶಾಲೆಗಳ ಸೇವೆಗೆ ಮುಡಿಪಾಗಿಟ್ಟು, ತಮ್ಮ ಸಂಪಾದನೆಯನ್ನು ಅದಕ್ಕೇ ಒಪ್ಪಿಸಿ, 1930ನೆಯ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ದೇಹವಿಟ್ಟರು. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಟ್ಟರು. ಅಷ್ಟು ಹೊತ್ತಿಗೆ ಮುಂಬಯಿಯಿಂದ 2 ಕೋಟಿ 60 ಲಕ್ಷ ಮದ್ದಿನ ಪ್ರಮಾಣಗಳು ಹೊರಗೆ ಹೋಗಿದ್ದುವು. 1964ರಲ್ಲಿ ಸ್ವತಂತ್ರ ಭಾರತವು ಅವರ ಅಂಚೆಚೀಟಿಯನ್ನು ಹೊರಡಿಸಿತು.

ಹಾಫ್‌ಕಿನ್ನರ ಮದ್ದು ಪರಿಪೂರ್ಣವಾಗಿದ್ದಿತೆಂದು ನಾವು ಹೇಳುವುದಿಲ್ಲ. ಅದರಿಂದ ಜ್ವರ ಬರುತ್ತಿದ್ದಿತು. ಅದರ ರಕ್ಷಣೆ ಕೆಲವು ತಿಂಗಳದು ಮಾತ್ರ. ಅದಿದ್ದರೂ ನಮ್ಮ ದೇಶದಲ್ಲಿ ಪ್ಲೇಗಿಗೆ ಒಂದು ಕೋಟಿಗೂ ಮಿಕ್ಕಿ ಜನರು ಬಲಿಯಾದರು. ಇಂದು ಪ್ಲೇಗಿಗೆ ಗುಣಪಡಿಸುವ ಔಷಧಗಳುಂಟು. ಕಾಲರಾಕ್ಕೆ ಬಾಯಿಂದ ನುಂಗುವ ಲಸಿಕೆಗಳುಂಟು. ಸಿಡುಬು ಭೂಮಂಡಲದಿಂದಲೇ ತೊಲಗಿತೆಂದು 1980ರಲ್ಲಿ ಸಾರಲಾಯಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಆದರೂ 1994ರಲ್ಲಿ ಸೂರತ್ತಿನಲ್ಲಿ ಪ್ಲೇಗೆಂಬ ಮಾತು ಹರಡಿದೊಡನೆ ಲಕ್ಷಾಂತರ ಜನರು ರೈಲು ಹತ್ತಿ ಓಡಿದರು. 2020ರಲ್ಲಿ ಕೋವಿಡ್ ಬಂದಾಗ ಸರ್ಕಾರಗಳು ಮೊದಲು ಕೈಗೆತ್ತಿಕೊಂಡುದು ಅದೇ 1897ರ ಶಾಸನವನ್ನು. ರೋಗಾಣುಗಳು ಬದಲಾದುವು, ಭಯವೂ ವದಂತಿಯೂ ಅಂದಿನಂತೆಯೇ ಇರುವುವು.

ಆದುದರಿಂದ ಅಧಿಕಾರದಲ್ಲಿರುವವರೂ ಪಟ್ಟಣವಾಸಿಗಳೂ ಈ ಜೀವಿತದಿಂದ ಮೂರು ಸಂಗತಿಗಳನ್ನು ತೆಗೆದುಕೊಳ್ಳಬೇಕೆಂದು ನಾವು ಕೋರುವೆವು. ಮೊದಲನೆಯದು, ಜನರಿಗೆ ಹೇಳುವ ಮದ್ದನ್ನು ಹೇಳುವವರು ಮೊದಲು ತಾವು ಹಾಕಿಸಿಕೊಳ್ಳಬೇಕು. ಎರಡನೆಯದು, ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಸತ್ತರು ಎಂಬ ಲೆಕ್ಕವನ್ನು ಮರೆಮಾಚದೆ ಪ್ರಕಟಿಸಬೇಕು. ಸುಳ್ಳು ಲೆಕ್ಕವು ಸುಳ್ಳು ವದಂತಿಗಿಂತ ಹೆಚ್ಚು ಕೇಡು ಮಾಡುವುದು. ಮೂರನೆಯದು, ಅನಾಹುತವಾದಾಗ ವಿಚಾರಣೆ ನಡೆಯಲೇಬೇಕು. ಆದರೆ ಬಲಿಪಶುವೊಂದನ್ನು ಹುಡುಕುವುದು ವಿಚಾರಣೆಯಲ್ಲ. ಮಲ್ಕೋವಾಲಿನಲ್ಲಿ ಸತ್ತ ಹತ್ತೊಂಬತ್ತು ಮಂದಿಗೂ ನ್ಯಾಯ ಬೇಕಾಗಿದ್ದಿತು, ಹಾಫ್‌ಕಿನ್ನರಿಗೂ ಬೇಕಾಗಿದ್ದಿತು. ಅವಸರದ ತೀರ್ಪು ಇಬ್ಬರಿಗೂ ನ್ಯಾಯ ಕೊಡಲಿಲ್ಲ. ಅವಮಾನಕ್ಕೆ ಸಿಕ್ಕಿದ ಕೈಗಳು ಮುಂದೆ ಯಾವ ಮದ್ದನ್ನು ಕಂಡುಹಿಡಿಯಬಹುದಾಗಿದ್ದಿತೋ, ಅದು ನಮಗೆ ದೊರೆಯದೆಯೇ ಹೋಯಿತು.